ಕೋವಿಯ ಬಿಗಿ ಕುದುರೆ

ಮರುಳಸಿದ್ಧನೆಂಬ ಶಿಷ್ಯ ಗುರುಗಳ ಬಳಿ ಬಂದು ಕೇಳಿದ: "ನಾಳೆಯ ಸಭೆಯಲ್ಲಿ ನನ್ನ ಮಾತು ಗುರಿ ತಪ್ಪಬಾರದು. ಅದಕ್ಕೆ ಇನ್ನೇನು ಬೇಕು?"

ಹಾಗೆ ಕೇಳಲು ಕಾರಣವಿತ್ತು. ಅದೇ ಮಠದಲ್ಲಿ ಅವನೊಡನೆ ಓದಿದ ಗೆಳೆಯನೊಬ್ಬ ಮಠ ಬಿಟ್ಟು ಹೋಗಿ, ಹೋದಲ್ಲೆಲ್ಲ ಗುರುಗಳನ್ನು ಹೀಯಾಳಿಸುತ್ತಿದ್ದ. ನಾಳೆ ಆ ಗೆಳೆಯ ಸಭೆಗೆ ಬರುವವನಿದ್ದ. ಅವನಿಗೆ ಉತ್ತರ ಕೊಡಲೆಂದೇ ಮರುಳಸಿದ್ಧ ಶಾಸ್ತ್ರಗಳನ್ನು ಮತ್ತೆ ಓದಿದ್ದ, ತರ್ಕವನ್ನು ಸಾಣೆ ಹಿಡಿದಿದ್ದ, ಗೆಳೆಯನ ಹಳೆಯ ತಪ್ಪುಗಳನ್ನೆಲ್ಲ ನೆನಪು ಮಾಡಿಕೊಂಡಿದ್ದ. ಒಂದೇ ಮಾತಿಗೆ ಅವನು ತಲೆ ತಗ್ಗಿಸಬೇಕು, ಮತ್ತೆ ಈ ಸೀಮೆಯಲ್ಲಿ ಮುಖ ತೋರಿಸಬಾರದು ಎಂಬುದು ಮರುಳಸಿದ್ಧನ ಆಸೆ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಬೆಟ್ಟದ ಸೀಮೆಯಲ್ಲಿ ಒಬ್ಬ ರೈತನಿದ್ದ. ಕಾಡಂಚಿನ ಗದ್ದೆಯನ್ನು ಅವನೂ ಅವನ ಅಣ್ಣನೂ ಕೂಡಿ ಸಾಗುವಳಿ ಮಾಡುತ್ತಿದ್ದರು. ಒಂದು ವರ್ಷ ಭತ್ತ ಹಾಲುಗಟ್ಟುವ ಕಾಲಕ್ಕೆ ಒಂಟಿ ಹಂದಿಯೊಂದು ಗದ್ದೆಗೆ ಇಳಿಯಿತು. ಅಣ್ಣ ಅದನ್ನು ಅಟ್ಟಲು ಹೋದ. ಹಂದಿ ತಿರುಗಿ ಅವನ ಮೇಲೇ ಬಂತು. ರೈತನ ಕೈಯಲ್ಲಿ ಮನೆಯ ಹಳೆಯ ಕೋವಿಯಿತ್ತು. ಅವನು ಕೋವಿಯ ಕುದುರೆಯನ್ನು, ಗುಂಡು ಹಾರಿಸಲು ಬೆರಳಲ್ಲಿ ಎಳೆಯುವ ಕೀಲನ್ನು, ಎಳೆದ. ಕೋವಿ ಸಿಡಿಯಲಿಲ್ಲ. ಮತ್ತೆ ಎಳೆದ, ಆಗಲೂ ಸಿಡಿಯಲಿಲ್ಲ. ಹಂದಿ ಕೋರೆಯಿಂದ ಅಣ್ಣನ ತೊಡೆ ಸೀಳಿ ಕಾಡಿಗೆ ಹೋಯಿತು. ಮನೆಗೆ ಹೊತ್ತು ತರುವ ಮೊದಲೇ ಅಣ್ಣನ ಜೀವ ಹೋಗಿತ್ತು.

ಮುಂದಿನ ಬೆಳೆಗೆ ಹಂದಿ ಮತ್ತೆ ಬರುತ್ತದೆಂದು ರೈತನಿಗೆ ಗೊತ್ತಿತ್ತು. ಅಷ್ಟರಲ್ಲಿ ಕೈಕೊಡದ ಕೋವಿಯೊಂದನ್ನು ಮಾಡಿಸಬೇಕೆಂದು ಅವನು ಪಕ್ಕದ ಊರಿನ ಕೋವಿ ಮಾಡುವ ಕಮ್ಮಾರನ ಬಳಿ ಹೋದ. ಒಂದೊಂದು ಭಾಗವನ್ನೂ ತಾನೇ ಆರಿಸುವೆನೆಂದ. ನಳಿಗೆಗಳನ್ನು ಬೆಳಕಿಗೆ ಹಿಡಿದು, ಒಳಗಿನ ಸುರುಳಿಗೆರೆಗಳಲ್ಲಿ ಕೂದಲೆಳೆಯಷ್ಟು ಮಚ್ಚೆ ಕಂಡರೂ ಪಕ್ಕಕ್ಕಿಟ್ಟ. ಹಿಡಿಗೆ ಹಸಿ ಮರ ಬೇಡ, ಸೊಟ್ಟಗಾಗುತ್ತದೆ ಎಂದು, ಯಾರದೋ ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ್ದ ಬೀಟೆಯ ತುಂಡನ್ನು ಹುಡುಕಿ ತಂದ. ಅದನ್ನು ತನ್ನ ಭುಜಕ್ಕೆ ಒತ್ತಿ ಹಿಡಿದು ನೋಡುತ್ತ, ಸರಿಯಾಗಿ ಕೂರುವವರೆಗೂ ಕೆತ್ತಿಸಿದ. ಗುರಿ ಹಿಡಿಯುವ ಮೊನೆಯನ್ನು ಎರಡು ಸಲ ಬಿಚ್ಚಿಸಿ ಕೂರಿಸಿದ. ಕಮ್ಮಾರನಿಗೆ ಬೇಸರವಾಗಲಿಲ್ಲ. ಸತ್ತವನು ಅವನಿಗೂ ಗೊತ್ತಿದ್ದವನು.

ಕೊನೆಗೆ ಕುದುರೆಯ ಮಾತು ಬಂತು. ಅದು ಹೇಗಿರಬೇಕೆಂದು ಕಮ್ಮಾರ ಕೇಳಿದ.

"ಬೆರಳು ಸೋಕಿದರೆ ಸಾಕು, ಸಿಡಿಯಬೇಕು" ಎಂದ ರೈತ. "ನಾನು ಮನಸ್ಸು ಮಾಡುವುದಕ್ಕೂ ಅದು ಸಿಡಿಯುವುದಕ್ಕೂ ನಡುವೆ ಏನೂ ಇರಬಾರದು."

ಅಂಥ ಕುದುರೆಗೆ ತೆಳು ಸ್ಪ್ರಿಂಗ್ ಬೇಕು, ಅದು ಪಟ್ಟಣದಿಂದ ಬರಬೇಕು, ತನ್ನಲ್ಲಿರುವುದು ದಪ್ಪನೆಯದು, ಅದನ್ನು ಹಾಕಿದರೆ ಕುದುರೆ ಬಿಗಿಯಾಗುತ್ತದೆ ಎಂದು ಕಮ್ಮಾರ ಹೇಳಿದ. ಕಾಯಲು ಸಮಯವಿರಲಿಲ್ಲ. ತೆನೆ ಮೂಡಿತ್ತು, ಗದ್ದೆಯ ಅಂಚಿನಲ್ಲಿ ಹಂದಿಯ ಹೆಜ್ಜೆ ಬಿದ್ದಿತ್ತು. ಸದ್ಯಕ್ಕೆ ದಪ್ಪ ಸ್ಪ್ರಿಂಗನ್ನೇ ಹಾಕಿಸಿಕೊಂಡ. ಇಷ್ಟು ಒಳ್ಳೆಯ ಕೋವಿಯಲ್ಲಿ ಅದೊಂದೇ ಕೊರತೆಯೆಂದು ದಾರಿಯುದ್ದಕ್ಕೂ ಕೊರಗುತ್ತ ಮನೆಗೆ ಬಂದ.

ಅವನ ಕೊರಗು ನಿಜವಾಯಿತು. ಒಂದು ಸಂಜೆ ಹಂದಿ ಎದುರಿಗೇ ಬಂತು. ಗುರಿ ಸರಿಯಾಗಿತ್ತು. ಆದರೆ ಬಿಗಿ ಕುದುರೆಯನ್ನು ಎಳೆದು ಮುಗಿಸುವಷ್ಟರಲ್ಲಿ ಹಂದಿ ತಿರುಗಿತು, ಗುಂಡು ಬದುವಿಗೆ ಬಡಿಯಿತು. ರೈತ ಕಮ್ಮಾರನನ್ನು ಬೈದುಕೊಂಡ. ತೆಳು ಸ್ಪ್ರಿಂಗ್ ಬಂತೇ ಎಂದು ಹೇಳಿ ಕಳಿಸಿದ. ಬಂದಿರಲಿಲ್ಲ.

ಕೆಲವು ದಿನಗಳ ಮೇಲೆ, ಬೆಳಗಿನ ಮಂಜಿನಲ್ಲಿ ಅವನು ಬದುವಿನ ಮೇಲೆ ಕಾಯುತ್ತಿದ್ದ. ಕೆಳಗಿನ ಗದ್ದೆಯಲ್ಲಿ ಪೈರು ಅಲುಗಿತು. ತೆನೆಗಳ ನಡುವೆ ಕಪ್ಪನೆಯ ಬೆನ್ನು ಕಂಡಿತು. ಅಣ್ಣನ ಮುಖ ಕಣ್ಣಿಗೆ ಕಟ್ಟಿತು. ಈ ಸಲ ಬಿಡಬಾರದೆಂದು ಕೋವಿಯೆತ್ತಿ ಕುದುರೆ ಎಳೆಯತೊಡಗಿದ. ಅದು ಬಿಗಿಯಾಗಿ ನಿಧಾನಕ್ಕೆ ಹಿಂದೆ ಸರಿಯುತ್ತಿತ್ತು. ಇನ್ನೂ ಸಿಡಿದಿರಲಿಲ್ಲ. ಅಷ್ಟರಲ್ಲಿ ಆ ಕಪ್ಪು ಬೆನ್ನು ಎದ್ದು ನೆಟ್ಟಗೆ ನಿಂತಿತು.

ಅದು ಅವನ ಅತ್ತಿಗೆ, ಸತ್ತ ಅಣ್ಣನ ಹೆಂಡತಿ. ತಲೆಯ ಮೇಲೆ ಕರಿ ಕಂಬಳಿ ಹೊದ್ದು, ಬಗ್ಗಿ ಕರುವಿನ ಹೆಜ್ಜೆ ಹುಡುಕುತ್ತ ಬಂದಿದ್ದಳು.

"ಕರು ಈ ಕಡೆ ಬಂತೇನಪ್ಪ?" ಎಂದು ಕೇಳಿದಳು.

ಇಲ್ಲವೆಂದ. ಅವಳು ಕರುವನ್ನು ಕೂಗುತ್ತ ಮುಂದೆ ಹೋದಳು. ರೈತ ಅಲ್ಲೇ ಕೆಸರಿನಲ್ಲಿ ಕುಳಿತ. ಕೋವಿಯಿಂದ ಗುಂಡು ತೆಗೆದ.

ಆ ವಾರವೇ ತೆಳು ಸ್ಪ್ರಿಂಗ್ ಬಂದಿದೆಯೆಂದು ಕಮ್ಮಾರ ಹೇಳಿ ಕಳಿಸಿದ. ರೈತ ಹೋಗಿ, ಅದು ಬೇಡವೆಂದ. ಅಷ್ಟು ಕಾಡಿ ತರಿಸಿ ಈಗ ಬೇಡವೆನ್ನುವುದೇಕೆಂದು ಕಮ್ಮಾರನಿಗೆ ತಿಳಿಯಲಿಲ್ಲ.

"ನನ್ನ ಬೆರಳಿಗಿಂತ ನನ್ನ ಕಣ್ಣು ನಿಧಾನ" ಎಂದಷ್ಟೇ ಹೇಳಿ ರೈತ ಹಿಂದಿರುಗಿದ.

ಇಲ್ಲಿಗೆ ಗುರುಗಳು ನಿಲ್ಲಿಸಿದರು. ಮರುಳಸಿದ್ಧ ಸ್ವಲ್ಪ ಕಾದು, ಹಂದಿ ಏನಾಯಿತೆಂದು ಕೇಳಿದ. ಕೊಯ್ಲಿಗೆ ಮುಂಚೆ ಅದೇ ಕೋವಿಯ ಗುಂಡಿಗೆ ಅದು ಬಿತ್ತು, ಅಷ್ಟರಲ್ಲಿ ರೈತನ ಕೈ ಆ ಬಿಗಿಗೆ ಒಗ್ಗಿತ್ತು ಎಂದರು ಗುರುಗಳು. ಆಮೇಲೆ ಶಿಷ್ಯನ ಮುಖ ನೋಡಿ ಕೇಳಿದರು:

"ನಾಳೆ ನಿನ್ನ ಮಾತು ಸಿಡಿಯುವ ಮೊದಲು, ಎದುರಿಗಿರುವುದು ಹಂದಿಯೋ ಅತ್ತಿಗೆಯೋ ಎಂದು ನೋಡಲು ನಿನಗೆ ಹೊತ್ತಿರುತ್ತದೆಯೇ?"