ಗಾಜಿನ ಜಗಲಿ

ಹೆಸರು ಹೇಳಿದರೆ ಈಗಲೂ ಯಾರಿಗಾದರೂ ಸಿಟ್ಟು ಬರಬಹುದಾದ ಒಂದು ರಾಜ್ಯವಿತ್ತು. ಅಲ್ಲಿ ರಾಜನಿದ್ದ, ಮಂತ್ರಿಯಿದ್ದ, ಇಬ್ಬರಿಗೂ ಲೆಕ್ಕಕ್ಕೆ ಸಿಗದಷ್ಟು ನಿಯಮಗಳಿದ್ದವು.

ಆ ರಾಜ್ಯದ ಬಳೆಗಾರರ ಬೀದಿಯಲ್ಲಿ ಹೊನ್ನಾಜಿ ಎಂಬವಳಿದ್ದಳು. ಕುಲುಮೆಯಲ್ಲಿ ಗಾಜು ಕರಗಿಸಿ ಬಳೆ ಮಾಡುತ್ತಿದ್ದಳು. ಅವಳ ಅಕ್ಕ ತಾಯಮ್ಮನಿಗೆ ಕೀಲುಗಳೆಲ್ಲ ಹಿಡಿದುಕೊಂಡಿದ್ದವು. "ಇವಳಿಗೆ ಬಿಸಿಲು ಬೇಕು, ಗಾಳಿ ಬೇಡ. ಈ ಚಳಿಗಾಲವನ್ನು ಕತ್ತಲೆ ಮನೆಯಲ್ಲೇ ಕಳೆದರೆ ಮತ್ತೆ ಏಳುವುದಿಲ್ಲ," ಎಂದಿದ್ದ ವೈದ್ಯ.

ಹೊನ್ನಾಜಿ ಯೋಚಿಸಿದಳು. ಮನೆ ಮುಂದಿನ ಜಗಲಿಗೆ ಸುತ್ತಲೂ ಗಾಜು, ಮೇಲೂ ಗಾಜು. ಬಿಸಿಲು ಒಳಗೆ ಬರುತ್ತದೆ, ಗಾಳಿ ಹೊರಗೇ ಉಳಿಯುತ್ತದೆ.

ಆದರೆ ಯಾರು ಏನು ಕಟ್ಟಬೇಕಾದರೂ ಊರಿನ ಆಡಳಿತ ನೋಡುವ ಪಾರುಪತ್ತೇಗಾರ ನಂಜರಾಜಯ್ಯನ ಅಪ್ಪಣೆ ಬೇಕಿತ್ತು. ಅವನ ಮನೆ ಎದುರಿಗೇ ಇತ್ತು. ತನ್ನ ಜಗಲಿಯನ್ನು ಬೀದಿಗೆ ಚಾಚಿ, ಮೂರು ಕಡೆ ಗೋಡೆ ಎಬ್ಬಿಸಿ, ಬಾಗಿಲು ಇಟ್ಟುಕೊಂಡಿದ್ದ. ಗಾಡಿಗಳು ಅಲ್ಲಿ ಓರೆಯಾಗಿ ಹೋಗಬೇಕಿತ್ತು. ಕೇಳಿದವರಿಗೆ, "ಅದು ಜಗಲಿ. ಜಗಲಿಗೆ ಅಪ್ಪಣೆ ಬೇಡ," ಎನ್ನುತ್ತಿದ್ದ. ಆಮೇಲೆ ಯಾರೂ ಕೇಳಲಿಲ್ಲ.

ಹೊನ್ನಾಜಿ ಒಂದು ಸಲ ಹೋಗಿ, ಕಟ್ಟಬೇಕೆಂದಿದ್ದರ ಅಳತೆ ಹೇಳಿ ಅಪ್ಪಣೆ ಕೇಳಿದಳು.

"ಸೂರು ಎತ್ತರ ಆಯ್ತು. ಇಳಿಸು."

ಇಳಿಸುತ್ತೇನೆಂದು ಎರಡನೇ ಸಲ ಹೋದಳು.

"ತಗ್ಗಾಯ್ತು. ಏರಿಸು."

"ಮೊನ್ನೆ ಎತ್ತರ ಅಂದ್ರಲ್ಲ ಸ್ವಾಮಿ?"

"ಅದು ಮೊನ್ನೆ."

ಮೂರನೇ ಸಲ ಹೋಗುವ ಹೊತ್ತಿಗೆ ತಾಯಮ್ಮನಿಗೆ ಅನ್ನ ಕಲಸಿಕೊಳ್ಳಲೂ ಬೆರಳು ಬಾಗುತ್ತಿರಲಿಲ್ಲ.

"ಎತ್ತರದ ಮಾತು ಬಿಡು," ಎಂದ ನಂಜರಾಜಯ್ಯ. "ನೀನು ಕಟ್ಟೋದು ಕೋಣೆ. ಕೋಣೆಗೆ ನಾನು ಅಪ್ಪಣೆ ಕೊಡಲ್ಲ."

"ಅಕ್ಕ ಸತ್ತೇ ಹೋಗ್ತಾಳೆ ಸ್ವಾಮಿ."

"ಸಾಯೋಕೆ ಅಪ್ಪಣೆ ಬೇಕಾಗಿಲ್ಲ," ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡ.

ಹೊನ್ನಾಜಿಯ ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಕುಲುಮೆ ಹೊತ್ತಿಸಿದಳು. ಗಾಜು ಎರೆದಳು, ಚೌಕಟ್ಟು ನಿಲ್ಲಿಸಿದಳು, ಕಟ್ಟಿಯೇ ಬಿಟ್ಟಳು. ಅಕ್ಕನನ್ನು ಎತ್ತಿ ತಂದು ಬಿಸಿಲಲ್ಲಿ ಕೂರಿಸಿದಳು.

ನಂಜರಾಜಯ್ಯ ಹಾರೆ ಹಿಡಿದ ಆಳುಗಳನ್ನು ಕರೆತಂದ. ತನ್ನ ಕಟ್ಟುನಿಟ್ಟು ಕಣ್ಣಾರೆ ಕಾಣಲಿ ಎಂದು ರಾಜನನ್ನೂ ಕರೆತಂದ. ಅಲ್ಲೇ ಅವನು ಕೆಟ್ಟ.

"ಒಡೆಯೋಕೆ ಮುಂಚೆ ಒಂದು ಮಾತು, ಬುದ್ಧಿ," ಎಂದಳು ಹೊನ್ನಾಜಿ, ರಾಜನ ಮುಂದೆ ನಿಂತು. "ಜಗಲಿ ಯಾವುದು, ಕೋಣೆ ಯಾವುದು? ಇವರ ಬಾಯಲ್ಲೇ ಹೇಳ್ಸಿ."

ನಂಜರಾಜಯ್ಯ ಎದೆಯುಬ್ಬಿಸಿ ನಿಯಮವನ್ನು ಬಾಯಿಪಾಠ ಒಪ್ಪಿಸಿದ. "ಕೂತವರು ಬೀದಿಯಲ್ಲಿ ಹೋಗುವವರಿಗೆ ಕಂಡು, ಮಾತಿಗೆ ಸಿಕ್ಕರೆ ಜಗಲಿ. ಮರೆಯಾದರೆ ಕೋಣೆ, ಮಹಾಸ್ವಾಮಿ." ಒಪ್ಪಿಸುವಾಗ ಅರ್ಥ ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ.

ಅಷ್ಟರಲ್ಲಿ ಸೊಪ್ಪು ಮಾರುವ ಮಾರಕ್ಕ ಬುಟ್ಟಿ ಹೊತ್ತು ಬಂದಳು. ಗಾಜಿನತ್ತ ನೋಡಿ, "ಏನ್ ತಾಯಮ್ಮಾ, ರಾಣಿ ಹಂಗೆ ಕೂತಿದ್ದೀಯ! ಊಟ ಆಯ್ತಾ?" ಎಂದು ಕೂಗಿದಳು.

"ಆಯ್ತು ಕಣೇ. ದಂಟಿದ್ರೆ ಒಂದು ಕಟ್ಟು ಇಟ್ಟು ಹೋಗು," ಎಂದಳು ತಾಯಮ್ಮ ಒಳಗಿಂದಲೇ.

ರಾಜ ನಕ್ಕುಬಿಟ್ಟ. "ಕಾಣ್ತಾಳೆ. ಮಾತಿಗೂ ಸಿಕ್ತಾಳೆ. ಇದು ಜಗಲಿ." ಆಮೇಲೆ ಹಿಂದೆ ತಿರುಗಿದ. "ಎದುರಿಗಿರೋದು ಯಾರದು?"

"ನಂದೇ ಮಹಾಸ್ವಾಮಿ. ಅದೂ... ಜಗಲಿ."

"ಹಂಗಾದ್ರೆ ಮಾತಾಡ್ಸೋಣ," ಎಂದು ಹೊನ್ನಾಜಿ ಬೀದಿ ದಾಟಿ ಗೋಡೆಯ ಮುಂದೆ ನಿಂತಳು. "ಒಳಗೆ ಯಾರಿದ್ದೀರಿ? ಊಟ ಆಯ್ತಾ?"

ಯಾರೂ ಕಾಣಲಿಲ್ಲ, ಯಾರೂ ಮಾತಾಡಲಿಲ್ಲ. ಒಂದು ಕೆಮ್ಮು ಕೇಳಿಸಿತು, ಅಷ್ಟೆ.

ತಂದ ಹಾರೆಗಳು ದಂಡವಾಗಲಿಲ್ಲ. "ಇದು ಕೋಣೆ. ಕೆಡವಿ," ಎಂದ ರಾಜ. ಆಳುಗಳು ಬೀದಿ ದಾಟಿದರು. ಇಟ್ಟಿಗೆ ಒಂದೊಂದೇ ಕಳಚಿತು. ಒಳಗೆ ಮಂಚದ ಮೇಲೆ ನಂಜರಾಜಯ್ಯನ ಅತ್ತೆ ಕಣ್ಣುಜ್ಜಿಕೊಳ್ಳುತ್ತ ಕೂತಿದ್ದಳು. "ಅಂತೂ ಬೆಳಕು ಬಂತಲ್ಲ! ಯಾವ ಪುಣ್ಯಾತ್ಮನಪ್ಪ ಇದನ್ನ ಕೆಡವಿದ್ದು?" ಎಂದಳು.

ಅಳಿಯ ಕೈ ಚಾಚಿ ನಿಂತಿದ್ದ. ರಾಜ ಅವನ ಬೆರಳಿಂದ ಅಪ್ಪಣೆಯ ಮುದ್ರೆಯುಂಗುರ ಕಳಚಿಕೊಳ್ಳುತ್ತಿದ್ದ.

ಚಳಿ ಕಳೆಯುವ ಹೊತ್ತಿಗೆ ತಾಯಮ್ಮ ತನ್ನ ಕೈಗೆ ತಾನೇ ಬಳೆ ತೊಟ್ಟುಕೊಂಡಳು.

ಕೇಳಿದಿರಾ ಮಕ್ಕಳೇ? ಊರಿಗೊಂದು ಅರ್ಥ, ತನ್ನ ಮನೆಗೊಂದು ಅರ್ಥ ಇಟ್ಟುಕೊಂಡವನ ಕೈಗೆ ನಿಯಮ ಕೊಡಬಾರದು. ಕೊಟ್ಟಾಗಿದ್ದರೆ, ಆ ಅರ್ಥವನ್ನು ನಡುಬೀದಿಯಲ್ಲಿ ನಿಲ್ಲಿಸಿ, ಗಟ್ಟಿಯಾಗಿ, ಅವನ ಬಾಯಲ್ಲೇ ಹೇಳಿಸಬೇಕು.