ಗೆರೆ ಮೂಡದ ಪುಟ

ಹೊಳೆ ದಂಡೆಯ ಮೇಲೆ ಒಂದು ಆಶ್ರಮ. ಅದರ ಮುಂದೆ ನೀರಿಗಿಳಿಯುವ ಮೆಟ್ಟಿಲು, ಮೆಟ್ಟಿಲ ಪಕ್ಕ ಒಂದು ಕಲ್ಲುಕಂಬ.

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಗುರುಗಳು ಆ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಬಟ್ಟೆ ಕಂಡರೆ ಆಚೆ ದಂಡೆಯವರು ಹೊಳೆಗೆ ಇಳಿಯುತ್ತಿರಲಿಲ್ಲ. ಕಾಣದಿದ್ದರೆ ಇಳಿಯುತ್ತಿದ್ದರು. ಎಷ್ಟೋ ಕಾಲದಿಂದ ಹಾಗೇ ನಡೆದು ಬಂದಿತ್ತು.

ಗುರುಗಳನ್ನು ಎರಡೂ ದಂಡೆಯವರು ಅಜ್ಜಾರು ಅನ್ನುತ್ತಿದ್ದರು. ಅವರ ಶಿಷ್ಯ ಪ್ರಭುಲಿಂಗ, ಕಂಪ್ಯೂಟರ್ ಕಲಿತು ಬಂದವನು.

"ಬಟ್ಟಿ ನೋಡಾಕ ಮಂದಿ ದಂಡಿ ತನಕ ನಡೀಬೇಕ್ರಿ ಅಜ್ಜಾರ," ಅಂದ ಅವನು. "ಮನ್ಯಾಗ ಕುಂತಲ್ಲೇ ಹೊಳಿ ಕಾಣೂ ಹಂಗ ಮಾಡ್ತೀನಿ."

"ಮಾಡು."

ನೀರಿನ ಮಟ್ಟ ಅಳೆಯುವ ಯಂತ್ರವೊಂದನ್ನು ಕಂಬಕ್ಕೆ ಕೂಡಿಸಿದ. ಅದು ಅಳೆದದ್ದು ಇಂಟರ್‌ನೆಟ್ಟಿನ ಒಂದು ಪುಟಕ್ಕೆ ಹೋಗಿ ಅಲ್ಲಿ ಗೆರೆಯಾಗಿ ಮೂಡಬೇಕು. ನೀರು ಏರಿದರೆ ಗೆರೆ ಏರಬೇಕು. ಅಂಕಿ ಕೊಟ್ಟರೆ ಗೆರೆ ಎಳೆದುಕೊಡುವ ಚಾರ್ಟ್ ಲೈಬ್ರರಿಗಳನ್ನು ಯಾರ್ಯಾರೋ ಬರೆದಿಟ್ಟಿರುತ್ತಾರೆ. ಅವುಗಳಲ್ಲಿ ಒಂದನ್ನು ಆರಿಸುವುದಷ್ಟೇ ಬಾಕಿ.

ಎರಡನ್ನು ತಂದು ಅಜ್ಜಾರಿಗೆ ತೋರಿಸಿದ. ಒಂದರಲ್ಲಿ ಬರೀ ಕಪ್ಪು ಗೆರೆ. ಇನ್ನೊಂದರಲ್ಲಿ ಗೆರೆಯ ಕೆಳಗೆ ನೀಲಿ ನೀರು ನಿಜವಾದ ಹೊಳೆಯ ಹಾಗೆ ತುಳುಕುತ್ತಿತ್ತು.

"ಯಾವುದು ಹಾಕಲ್ರಿ?"

"ಯಾರು ನೋಡ್ತಾರ?"

"ಎಲ್ಲಾರೂ ನೋಡ್ತಾರ್ರಿ."

"ಎಲ್ಲಾರೂ ಅಂದ್ರ ಯಾರು?"

ಪ್ರಭುಲಿಂಗ ನಕ್ಕುಬಿಟ್ಟ. ತುಳುಕುವ ನೀರನ್ನೇ ಹಾಕಿದ. ಕೆಂಪು ಬಟ್ಟೆ ಮಡಚಿ ಗೋಡೆಯ ಗೂಡಿನಲ್ಲಿಟ್ಟ. ಅಜ್ಜಾರು ತಡೆಯಲಿಲ್ಲ.

ಆಚೆ ದಂಡೆಯಲ್ಲಿ ಶಾವಂತ್ರೆವ್ವ ಅಂತ ಒಬ್ಬಾಕೆ ಆಡು ಮೇಯಿಸಿಕೊಂಡಿದ್ದಳು. ಹುಲ್ಲು ಇರುವುದು ಹೊಳೆಯ ನಡುಗಡ್ಡೆಯಲ್ಲಿ. ನೀರು ಮೊಣಕಾಲಿನಷ್ಟಿದ್ದಾಗ ಆಡು ಹೊಡೆದುಕೊಂಡು ಅಲ್ಲಿಗೆ ದಾಟುತ್ತಿದ್ದಳು.

ಒಂದು ಮುಂಜಾನೆ ಫೋನಿನಲ್ಲಿ ಪುಟ ತೆರೆದು ನೋಡಿದಳು. ದಾಟಿದಳು. ಅಷ್ಟರಲ್ಲಿ ಮೇಲೆ ಅಣೆಕಟ್ಟಿನ ಗೇಟು ಎತ್ತಿಯಾಗಿತ್ತು.

ಆಡು ಅರ್ಧಕ್ಕರ್ಧ ಕಣ್ಣೆದುರಿಗೇ ತೇಲಿಹೋದವು. ಆಕೆ ಜಾಲಿಗಿಡ ತಬ್ಬಿಕೊಂಡು ಉಳಿದಳು. ಹರಿಗೋಲಿನವರು ಹೋಗಿ ಆಕೆಯನ್ನೂ ಉಳಿದ ಆಡುಗಳನ್ನೂ ಆಶ್ರಮದ ಮೆಟ್ಟಿಲಿಗೆ ತಂದು ಮುಟ್ಟಿಸಿದರು.

ಪ್ರಭುಲಿಂಗ ಓಡಿ ಬಂದ. "ಯವ್ವಾ, ಗೆರಿ ಮ್ಯಾಲೇರಾಕ ಹತ್ತಿತ್ತಲ್ಲ. ನೋಡಲಿಲ್ಲೇನು?"

"ನೋಡೇನಪಾ. ಏನೂ ಇರಲಿಲ್ಲ. ಬೆಳ್ಳಗ ಇತ್ತು."

"ಬೆಳ್ಳಗ ಇದ್ದದ್ದಕ್ಕ ಇಳದ್ಯಾ?"

"ದಿನಾ ಬೆಳ್ಳಗ ಇರ್ತಿತ್ತು. ದಿನಾ ಹೊಳಿ ಸುಮ್ಮನ ಇರ್ತಿತ್ತು. ಬಟ್ಟಿ ಇಲ್ಲದ ಕಂಬ ಇದ್ದಂಗ ಅಂದ್ಕೊಂಡೆ."

ಅವನು ಆಕೆಯ ಫೋನು ಇಸಿದುಕೊಂಡು ನೋಡಿದ. ಹಳೆಯ ಫೋನು, ಅದರೊಳಗಿನ ಬ್ರೌಸರ್ ಇನ್ನೂ ಹಳೆಯದು. ತುಳುಕುವ ನೀರನ್ನು ತೋರಿಸುವ ಶಕ್ತಿ ಅದಕ್ಕೆ ಮೊದಲಿಂದಲೂ ಇರಲಿಲ್ಲ.

"ಲೈಬ್ರರಿ ತಪ್ಪಲ್ರಿ ಅಜ್ಜಾರ. ಆಕಿ ಫೋನು ಭಾಳ ಹಳೇದು."

"ಹೊಳಿ ಫೋನು ನೋಡಿ ಬರತೈತೇನು ತಮ್ಮಾ?"

ಶಾವಂತ್ರೆವ್ವ ಸೀರೆಯ ಸೆರಗು ಹಿಂಡುತ್ತ ಎದ್ದಳು. "ನಿನ್ನ ಫೋನಿನ್ಯಾಗ ಹೊಳಿ ಭಾಳ ಚಂದ ಐತಂತ," ಅಂದಳು ಪ್ರಭುಲಿಂಗನಿಗೆ. "ಅದ್ರಾಗ ನೀನ ಈಜಪಾ."

ಅವತ್ತಿನಿಂದ ಆಕೆ ಹೊಳೆಗೆ ಇಳಿಯಲಿಲ್ಲ. ಉಳಿದ ಆಡುಗಳು ಹಿತ್ತಲಿನ ಗೂಟದಲ್ಲಿ ನಿಂತು ಸೊರಗಿದವು. ಹೀಗೇ ಆದರೆ ಅವನ್ನೂ ಕಳಕೊಳ್ಳುತ್ತಾಳೆ ಅಂತ ಹರಿಗೋಲಿನವರು ಬಂದು ಹೇಳಿದರು.

ಪ್ರಭುಲಿಂಗನಿಗೆ ಊಟ ಸೇರಲಿಲ್ಲ. ತುಳುಕುವ ನೀರನ್ನು ಕಿತ್ತುಹಾಕಿದ. ಕಪ್ಪು ಗೆರೆಯ ಲೈಬ್ರರಿ ಹಿಡಿದು ಆಚೆ ದಂಡೆಗೆ ಹೋದ. ಮನೆ ಮನೆ ಹೊಕ್ಕು, ಒಬ್ಬೊಬ್ಬರ ಫೋನಿನಲ್ಲೂ ತೆರೆದು ನೋಡಿದ. ಬೈದವರ ಮನೆಗೂ ಹೋದ. ತಿರುಗಿ ಬಂದು ಅಜ್ಜಾರ ಮುಂದೆ ಕೂತ.

"ಕರೀ ಗೆರಿ ಶಾವಂತ್ರೆವ್ವನ ಫೋನಿನ್ಯಾಗೂ ಬಂತ್ರಿ. ಎಲ್ಲೋ ಒಂದೆರಡು ಫೋನಿನ್ಯಾಗ ಮಾತ್ರ ಪುಟ ಮತ್ತ ಖಾಲಿ. ಇದನ್ನ ಹಾಕಲೇನ್ರಿ?"

ಅಜ್ಜಾರು ಹೊಳೆ ನೋಡುತ್ತ ಕೂತಿದ್ದರು. ಏನೂ ಅನ್ನಲಿಲ್ಲ.

ಪ್ರಭುಲಿಂಗ ಸ್ವಲ್ಪ ಹೊತ್ತು ಕಾದ. ಅವರ ಕಾಲಿಗೆ ನಮಸ್ಕಾರ ಮಾಡಿದ. ಹೋಗಿ ಹಾಕಿಬಿಟ್ಟ.

ಸಂಜೆ ಅಜ್ಜಾರು ಕರೆದರು. "ಯಾಕ ಹಾಕಿದಿ?"

"ನಿಮ್ಮನ್ನ ಕೇಳೇ ಹಾಕೀನ್ರಿ."

"ನಾ ಹಾಕು ಅಂದೆನೇನು?"

"ಇಲ್ರಿ. ನೀವು ಏನೂ ಅನ್ನಲಿಲ್ಲ. ಅದಕ್ಕ ಹಾಕು ಅಂದಂಗ ಅಂತ ತಿಳಕೊಂಡೆ."

"ಶಾವಂತ್ರೆವ್ವನೂ ಹಂಗ ತಿಳಕೊಂಡ್ಳು."

ಪ್ರಭುಲಿಂಗ ಎದ್ದು ಒಳಗೆ ಹೋಗಿ ಮತ್ತೆ ಕಂಪ್ಯೂಟರಿನ ಮುಂದೆ ಕೂತ.

ಗೆರೆಗಿಂತ ಮೊದಲು, ಎಂಥ ಹಳೆಯ ಬ್ರೌಸರಿನಲ್ಲೂ ಕಾಣುವಂಥ ಬರೀ ಅಕ್ಷರದಲ್ಲಿ, ಪುಟದ ಮೇಲೆ ಬರೆದ: ಹೊಳೆಯ ಸುದ್ದಿ ತಿಳಿದಿಲ್ಲ, ಇಳಿಯಬೇಡಿ. ಗೆರೆ ಮೂಡಿದರೆ ಮಾತ್ರ ಆ ಮಾತು ಅಳಿಯಬೇಕು. ಗೆರೆ ಮೂಡದ ಫೋನಿನಲ್ಲಿ ಮಾತು ಹಾಗೇ ಉಳಿಯಬೇಕು.

ಅಜ್ಜಾರಿಗೆ ತಂದು ತೋರಿಸಿದ.

"ನಿನ್ನ ಪುಟ ನೆಟ್ಟಗಾತು," ಅಂದರು ಅವರು. "ಇನ್ನ ನನ್ನ ಕಂಬ."

ಅವನಿಗೆ ಅರ್ಥವಾಗಲಿಲ್ಲ. ಅಜ್ಜಾರು ಹರಿಗೋಲಿನವನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿ, ಆಚೆ ದಂಡೆಯ ಮನೆಮನೆಗೂ ಮುಟ್ಟಿಸಿ ಬಾ ಅಂತ ಕಳಿಸಿದರು.

ಮರುದಿನ ಬೆಳಗಾದಾಗ ಹೊಳೆ ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಆಚೆ ದಂಡೆಯಲ್ಲಿ ಶಾವಂತ್ರೆವ್ವ ಆಡುಗಳನ್ನು ಬಿಟ್ಟುಕೊಂಡು ಬಂದು ನಿಂತಿದ್ದಳು. ಕೈಯಲ್ಲಿ ಫೋನಿತ್ತು. ಗೆರೆ ಕೆಳಗೇ ಇತ್ತು. ಆದರೂ ಇಳಿಯಲಿಲ್ಲ. ಕತ್ತೆತ್ತಿ ಕಂಬದ ಕಡೆ ನೋಡುತ್ತ ನಿಂತಳು.

ಅಜ್ಜಾರು ಗೂಡಿನ ಕೆಂಪು ಬಟ್ಟೆ ಮುಟ್ಟಲಿಲ್ಲ. ತಮ್ಮ ಹೆಗಲ ಮೇಲಿನ ಬಿಳಿ ವಸ್ತ್ರ ತೆಗೆದು ಕಂಬಕ್ಕೆ ಕಟ್ಟತೊಡಗಿದರು.

ಶಾವಂತ್ರೆವ್ವ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮುಂದಿನ ಆಡಿನ ಬೆನ್ನು ತಟ್ಟಿ, ನೀರಿಗೆ ಕಾಲಿಟ್ಟಳು.

"ಅಜ್ಜಾರ," ಅಂದ ಪ್ರಭುಲಿಂಗ, "ಹೊಳಿ ಸುಮ್ಮನ ಐತಲ್ರಿ. ಇವತ್ಯಾಕ ಬಟ್ಟಿ?"

ಅಜ್ಜಾರು ಗಂಟು ಬಿಗಿದರು.

"ಬಿಳಿ ಕಂಡ್ರ ಇಳೀರಿ, ಕಾಣದಿದ್ರ ಇಳೀಬ್ಯಾಡ್ರಿ ಅಂತ ಹೇಳಿ ಕಳಿಸೀನಿ. ಸುಮ್ಮನ ಐತಿ ಅಂತ ಯಾರರ ಹೇಳಬೇಕಲ್ಲೋ ತಮ್ಮಾ."