ಒರಳು ಹಿಡಿದ ಕರಡಿ, ಒನಕೆ ಹಿಡಿದ ಕೋತಿ

ಕಾಡಂಚಿನ ಪಾಳುಮನೆಯಲ್ಲಿ ಇದ್ದದ್ದು ಒಂದೇ ಒರಳು, ಒಂದೇ ಒನಕೆ. ಭತ್ತ ಕುಟ್ಟಲು ಬರುವ ಕರಡಿ ಮೊದಲು ಒರಳನ್ನು ತಬ್ಬಿ ಕೂತು, ಆಮೇಲೆ ಒನಕೆಗೆ ಕೈ ಚಾಚುತ್ತಿತ್ತು. ಕೋತಿಯೋ, ಮೊದಲು ಒನಕೆಯನ್ನು ಹೆಗಲಿಗೇರಿಸಿಕೊಂಡು ಆಮೇಲೆ ಒರಳಿನತ್ತ ಬರುತ್ತಿತ್ತು. ಗೋಡೆಯ ಮೇಲಿನ ಹಲ್ಲಿ ಇದನ್ನು ದಿನವೂ ನೋಡುತ್ತಿತ್ತು. ಒಮ್ಮೆ ಕರಡಿ ಕುಟ್ಟಿ ಮುಗಿಸಿ ಹೊರಡುವಾಗ ಕೋತಿ ಎದುರಾಯಿತು.

"ಅಣ್ಣಂದಿರಾ, ಇಬ್ಬರೂ ಮೊದಲು ಒರಳನ್ನೇ ಹಿಡಿಯಿರಿ; ಅದು ಸಿಗದವರು ಒನಕೆ ಮುಟ್ಟದೆ ಕಾಯಿರಿ. ಇಲ್ಲವಾದರೆ ಒಂದು ದಿನ ಇಬ್ಬರೂ ಉಪವಾಸ ಬೀಳುತ್ತೀರಿ," ಎಂದಿತು ಹಲ್ಲಿ.

"ಇಷ್ಟು ವರ್ಷ ಆಗದ್ದು ಈಗೇನಾಗುತ್ತದೆ? ನಿನ್ನ ಶಕುನ ನಿನ್ನ ಹತ್ತಿರವೇ ಇರಲಿ," ಎಂದಿತು ಕರಡಿ.

"ಇದು ಶಕುನವಲ್ಲ. ನೀವಿನ್ನೂ ಒಂದೇ ಹೊತ್ತಿಗೆ ಬಂದಿಲ್ಲ, ಅಷ್ಟೇ."

ಸುಗ್ಗಿಯಲ್ಲಿ ಎರಡೂ ಒಂದೇ ಹೊತ್ತಿಗೆ ಬಂದವು. ಕರಡಿ ಒರಳನ್ನು ತಬ್ಬಿತು, ಕೋತಿ ಒನಕೆಯನ್ನು ಹೆಗಲಿಗೇರಿಸಿತು.

"ಒನಕೆ ಕೊಡು," ಎಂದಿತು ಕರಡಿ.

"ಮೊದಲು ನೀನು ಒರಳು ಬಿಡು," ಎಂದಿತು ಕೋತಿ.

ಬಿಸಿಲು ಇಳಿಯಿತು, ಹಸಿವು ಏರಿತು, ಭತ್ತ ಭತ್ತವಾಗಿಯೇ ಉಳಿಯಿತು. ಕೊನೆಗೆ ಒಂದು ಮಾತಿಗೆ ಮಾತ್ರ ಎರಡೂ ಒಪ್ಪಿದವು: ಇದೆಲ್ಲ ಆ ಹಲ್ಲಿಯ ಬಾಯಿಂದಲೇ ಆದದ್ದು.

"ಎದ್ದು ಬಡಿ ಅದನ್ನು," ಎಂದಿತು ಕೋತಿ.

"ನಾನು ಎದ್ದರೆ ನೀನು ಒರಳು ಹಿಡಿಯುತ್ತೀ. ಒನಕೆ ಬೀಸಿ ನೀನೇ ಬಡಿ."

"ಬೀಸಿದರೆ ನೀನು ಕಸಿದುಕೊಳ್ಳುತ್ತೀ."

ಹಲ್ಲಿ ಗೋಡೆಯಿಂದಿಳಿದು, ಅವೆರಡರ ನಡುವೆಯೇ ನಿಧಾನವಾಗಿ ಹರಿದು, ಒರಳಿನ ಅಂಚಿನಲ್ಲಿ ಕೂತಿದ್ದ ನೊಣವನ್ನು ಹಿಡಿದು ತಿಂದಿತು.